ದಗಡೂ ಪರಬನ ಕನ್ನಡ, ನನ್ನ ಮಗಳ ಕನ್ನಡ

ಮುಂಬಯಿಯಲ್ಲಿದ್ದೇವೆ ಅಂದ ಕೂಡಲೇ ಊರ ಕಡೆಯ ಓದುಗರು ಎರಡು ಹೆಸರು ಹೇಳುತ್ತಾರೆ: ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ. ಸರಿಯೇ. ಈ ಶಹರವನ್ನು ಕನ್ನಡದೊಳಕ್ಕೆ ತಂದವರಲ್ಲಿ ಇಬ್ಬರೂ ಮುಖ್ಯರು. ಆದರೆ ಇಪ್ಪತ್ತು ವರ್ಷಗಳಿಂದ ಡೊಂಬಿವಲಿಯಲ್ಲಿ ಸಂಸಾರ ಹೂಡಿಕೊಂಡಿರುವ ನನಗೆ ಅವರನ್ನು ಓದುವಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಇದರಲ್ಲಿ ನಮ್ಮ ಮನೆ ಎಲ್ಲಿದೆ?

'ಶಿಕಾರಿ'ಯ (1979) ನಾಗಪ್ಪ ಒಂಟಿ ಮನುಷ್ಯ. ಕಂಪನಿಯ ಒಳಸಂಚಿನ ಭಯದಲ್ಲಿ ಬೇಟೆಯ ಪ್ರಾಣಿಯಂತೆ ಕಂಗೆಟ್ಟವನು. ಕಚೇರಿಯ ಸಂಶಯ, ಹೆದರಿಕೆಗಳನ್ನು ಇಷ್ಟು ಒಳಹೊಕ್ಕು ನೋಡಿದ ಕಾದಂಬರಿಗಳು ನಮ್ಮಲ್ಲಿ ಕಡಿಮೆ. ಆದರೆ ಮಕ್ಕಳ ಡಬ್ಬಾ ಕಟ್ಟುವ, ನಳದಲ್ಲಿ ನೀರು ಬರುವ ಹೊತ್ತಿಗೆ ಏಳುವ ಮುಂಬಯಿ ಆ ಕಥೆಗೆ ಬೇಕಾಗಿಲ್ಲ.

ಕಾಯ್ಕಿಣಿಯವರಲ್ಲಿ ಪರಕೀಯರೇ ಪರಸ್ಪರ ನೆಂಟರಾಗುತ್ತಾರೆ. 'ದಗಡೂ ಪರಬನ ಅಶ್ವಮೇಧ'ದಲ್ಲಿ ಮದುವಣಿಗನನ್ನು ಹೊತ್ತ ಕುದುರೆ ಮೆರವಣಿಗೆ ಬಿಟ್ಟು ಓಡಿಬಿಡುತ್ತದೆ. ಮರಾಠಿ ಹೆಸರಿನ ಆ ದಗಡೂವಿನ ಲೋಕವೆಲ್ಲ ಸೊಗಸಾದ ಕನ್ನಡದಲ್ಲಿ ಉಸಿರಾಡುತ್ತದೆ. ಅದು ಲೇಖಕನ ಶಕ್ತಿ, ತಕರಾರಿಲ್ಲ. ಸೋಜಿಗ ಇಷ್ಟೇ: ಪುಸ್ತಕದಲ್ಲಿ ಮರಾಠಿ ದಗಡೂವಿಗೆ ಅಷ್ಟು ಚೊಕ್ಕ ಕನ್ನಡ ಸಿಕ್ಕಿದೆ, ಇಲ್ಲಿಯ ಕನ್ನಡ ಮನೆಗಳು ನಿಜಕ್ಕೂ ಆಡುವ ಕನ್ನಡಕ್ಕೆ ಮಾತ್ರ ಇನ್ನೂ ಪುಸ್ತಕ ಸಿಕ್ಕಿಲ್ಲ.

ಆ ಕನ್ನಡ ಹೇಗಿರುತ್ತದೆ? ತರಕಾರಿಗೆ ಹೋಗಿ ಬಂದ ನನ್ನ ಮಗಳು, "ಭಾಜಿವಾಲಾನ ಹತ್ರ ಸುಟ್ಟೆ ಇರ್ಲಿಲ್ಲ" ಅಂದಳು. ಕುಮಟೆಯಿಂದ ಬಂದಿದ್ದ ಅಜ್ಜಿಗೆ ಗಾಬರಿ: "ಎಂಥ ಸುಟ್ಟೆ ಮಗಾ? ಕೈ ಸುಟ್ಕೊಂಡ್ಯಾ?" ಸುಟ್ಟೆ ಅಂದರೆ ಮರಾಠಿಯಲ್ಲಿ ಚಿಲ್ಲರೆ. ಎಲ್ಲರೂ ನಕ್ಕೆವು. ಊರಿನ ನೆಂಟರಾದರೆ "ಇವಳ ಕನ್ನಡ ಕೆಟ್ಟಿದೆ" ಅನ್ನುತ್ತಿದ್ದರು.

ಕೆಟ್ಟಿದೆಯೇ? ಅವಳು ಒಂದು ದಿನವೂ ಕನ್ನಡದಲ್ಲಿ ತರಕಾರಿ ಕೊಂಡವಳಲ್ಲ. ವಾಚ್‌ಮನ್ ಜತೆ ಹಿಂದಿ, ಪಕ್ಕದ ಮನೆಯ ಕಾಕುವಿನ ಜತೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ವಸ್ತು ಎಲ್ಲಿಂದ ಬಂತೋ ಮಾತೂ ಅಲ್ಲಿಂದಲೇ ಬರುತ್ತದೆ. ಆದರೆ ಜ್ವರ ಬಂದರೆ ಗಂಜಿ, ಕಷಾಯ, ಊಟಕ್ಕೆ ತಂಬುಳಿ, ಸಿಟ್ಟು ಬಂದರೆ ಬೈಗುಳ, ಎಲ್ಲ ಅಪ್ಪಟ ಉತ್ತರ ಕನ್ನಡದವು. ಈ ಬೆರಕೆಗೆ ಒಂದು ಕ್ರಮವಿದೆ. ಯಾವ ಶಬ್ದ ಹೊಸಿಲ ಆಚೆಯದು, ಯಾವುದು ಈಚೆಯದು ಎಂದು ಗುರುತು ಹಾಕಿಕೊಂಡು ಹೋದರೆ ಒಂದು ಸಂಸಾರದ ಚರಿತ್ರೆಯೇ ಸಿಗುತ್ತದೆ.

ಬರೆಯುವವರು ಯಾಕಿಲ್ಲ? ಚಿತ್ತಾಲರು ಹನೇಹಳ್ಳಿಯಿಂದ, ಕಾಯ್ಕಿಣಿ ಗೋಕರ್ಣದಿಂದ ಬಂದವರು. ಊರಲ್ಲೇ ಗಟ್ಟಿಯಾದ ಕನ್ನಡ ಅವರದು. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಅದರಲ್ಲಿ ಕನ್ನಡವೂ ಒಂದು. ಆದರೂ ನಮ್ಮಂಥ ನೌಕರಿಯ ಮನೆಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಹಾಕಿದವು. ನನ್ನ ಮಗಳು ಕನ್ನಡ ಆಡುತ್ತಾಳೆ, ಓದಲಾರಳು. ಈ ಕನ್ನಡವನ್ನು ಬರೆಯಬಲ್ಲವರು ಅದನ್ನು ಆಡುವುದಿಲ್ಲ, ಆಡುವವರಿಗೆ ಬರೆಯಲು ಬಾರದು. ಮುಂದಿನ ತಲೆಮಾರಿನಲ್ಲಿ ಆಡುವವರೂ ಇರಲಿಕ್ಕಿಲ್ಲ.

ಇಂಥ ಮಾತನ್ನು ಹಾಕಿದರೆ ಓದುಗರಿಗೆ ತಿಳಿಯುವುದಿಲ್ಲ ಎಂಬ ವಾದವಿದೆ. ದೇವನೂರ ಮಹಾದೇವರ 'ಕುಸುಮಬಾಲೆ' (1984) ಬಂದಾಗ ಅದರ ನಂಜನಗೂಡು ಸೀಮೆಯ ಆಡುಮಾತು ಧಾರವಾಡದವರಿಗೂ ಮಂಗಳೂರಿನವರಿಗೂ ಸಲೀಸಾಗಿರಲಿಲ್ಲ. ನಿಧಾನಕ್ಕೆ ಓದಿದೆವು, ಕಿವಿ ಹೊಂದಿಸಿಕೊಂಡೆವು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆ ಮಾತಿನ ಹಿಂದೆ ಶತಮಾನಗಳ ನೋವು, ನೆನಪುಗಳಿವೆ. ನಮ್ಮ ಬೆರಕೆ ಮಾತಿಗೆ ಆ ಭಾರ ಇಲ್ಲ, ಒಪ್ಪುತ್ತೇನೆ. ಕೇಳುತ್ತಿರುವುದು ಅದೇ ತಾಳ್ಮೆಯಲ್ಲಿ ಒಂದಿಷ್ಟು ಪಾಲು.

ಆದ್ದರಿಂದ ಮುಂಬಯಿ, ಪುಣೆ ಕಡೆಯಿಂದ ಯಾರಾದರೂ ತಮ್ಮ ಮಕ್ಕಳ ಮಾತನ್ನು ಇದ್ದ ಹಾಗೇ ಬರೆದು ಕಳಿಸಿದರೆ, ಸಂಪಾದಕರು ದಯವಿಟ್ಟು ಅದನ್ನು ತಿದ್ದಬಾರದು. ಓದುಗರು ಒಂದೆರಡು ಪುಟ ತಡವರಿಸಲಿ. ಇಲ್ಲಿ ಪ್ರತಿಯೊಂದು ಮನೆಯೂ ದಿನಕ್ಕೆ ನಾಲ್ಕು ಭಾಷೆಗಳಲ್ಲಿ ತಡವರಿಸಿಕೊಂಡೇ ಬದುಕುತ್ತಿದೆ.