ಬಂಡೆಯಂಚಿನ ಹಿಮ್ಮುಖ ಹೆಜ್ಜೆ

ಬಂಡೆಯನ್ನು ಏರುವವನಿಗೆ ಹಗ್ಗವು ಆಪತ್ಕಾಲದ ಬಂಧು. ಅವನನ್ನು ಮೇಲಕ್ಕೊಯ್ಯುವುದು ಅವನ ಕೈಕಾಲುಗಳ ಬಲ, ಹಗ್ಗದ ಸರದಿ ಬರುವುದು ಅವನು ಜಾರಿದಾಗ ಮಾತ್ರ. ಹಗ್ಗ ಹಿಡಿದು ಇಳಿಯುವವನ ಸ್ಥಿತಿಯಾದರೋ ತೀರ ಭಿನ್ನವಾದುದು. ಅಂಚನ್ನು ದಾಟಿದ ಗಳಿಗೆಯಿಂದ ನೆಲ ಮುಟ್ಟುವ ಗಳಿಗೆಯವರೆಗೆ ಅವನ ದೇಹದ ಸಮಸ್ತ ಭಾರವೂ, ಅದರೊಡನೆ ಅವನ ಪ್ರಾಣವೂ, ಒಂದು ಹಗ್ಗ, ಅಂಗೈಯಗಲದ ಒಂದು ಲೋಹದ ತುಂಡು, ಸೊಂಟಕ್ಕೆ ಬಿಗಿದ ಹಾರ್ನೆಸ್ ಮತ್ತು ಮೇಲೆಲ್ಲೋ ಕಣ್ಣಿಗೆ ಮರೆಯಾದ ಕೆಲವು ಗಂಟುಗಳ ಅಧೀನದಲ್ಲಿರುತ್ತವೆ. ರ‍್ಯಾಪೆಲಿಂಗ್ ಎಂಬ ಈ ವಿದ್ಯೆಯನ್ನು ಹೊಸಬರು ಒಂದೇ ಮುಂಜಾನೆಯಲ್ಲಿ ಕಲಿತು ನಲಿಯುವುದೂ, ನುರಿತವರು ಅದನ್ನೇ ಕಡೆಯವರೆಗೆ ಭಯಭಕ್ತಿಯಿಂದ ಕಾಣುವುದೂ ಈ ಕಾರಣದಿಂದಲೇ.

ಇದು ವಿನೋದಕ್ಕಾಗಿ ಹುಟ್ಟಿದ ಕಲೆಯಲ್ಲ. ಫ್ರಾನ್ಸಿನ ಶಾಮೊನಿ ಕಣಿವೆಯ ಮಾರ್ಗದರ್ಶಿ ಝಾನ್ ಶಾರ್ಲೆ ಎಂಬಾತ 1876ರಲ್ಲಿ ಪೆಟಿ ದ್ರು ಎಂಬ ದುರ್ಗಮ ಶಿಖರವನ್ನು ಏಕಾಕಿಯಾಗಿ ಏರಹೊರಟು, ತುದಿ ಮುಟ್ಟಲಾರದೆ ಹಿಂದಿರುಗಬೇಕಾಗಿ ಬಂದಾಗ, ಹಗ್ಗವನ್ನು ಎರಡೆಳೆಯಾಗಿ ಇಳಿಬಿಟ್ಟು, ಅದನ್ನು ಹಿಡಿದಿಳಿದು, ಕೆಳಗಿನಿಂದ ಒಂದೆಳೆಯನ್ನು ಸೆಳೆದು ಹಗ್ಗವನ್ನು ಮರಳಿ ಪಡೆಯುವ ಉಪಾಯವನ್ನು ರೂಢಿಸಿದನೆಂದು ಹೇಳುವರು; 1879ರಲ್ಲಿ ಇಬ್ಬರು ಸಂಗಡಿಗರೊಡನೆ ಅದೇ ಶಿಖರವನ್ನು ಅವನು ಏರಿಯೇ ಏರಿದ. ಜರ್ಮನಿಯ ಹಾನ್ಸ್ ಡ್ಯೂಲ್ಫರನ ಹೆಸರಿನಿಂದ ಪ್ರಸಿದ್ಧವಾದ ಕ್ರಮದಲ್ಲಿ ಹಗ್ಗವನ್ನು ತೊಡೆಗೆ ಬಳಸಿ, ಎದೆಯ ಮೇಲೆ ಹಾಯಿಸಿ, ಹೆಗಲ ಮೇಲಿಂದ ಬೆನ್ನಿಗೆ ಇಳಿಬಿಟ್ಟು, ಮೈಯ ಘರ್ಷಣೆಯಿಂದಲೇ ವೇಗವನ್ನು ತಡೆಯುತ್ತಿದ್ದರು. ಬಟ್ಟೆಯೂ ಚರ್ಮವೂ ಬೇಯುತ್ತಿದ್ದವು. ಆ ಬೇಗೆಯನ್ನು ಈಗ ‘ಫಿಗರ್ ಎಯ್ಟ್’ ಎಂಬ ಅಲ್ಯೂಮಿನಿಯಮ್ ಡಿಸೆಂಡರ್, ಅಂದರೆ ಹಗ್ಗವನ್ನು ಬಳಸಿ ವೇಗವನ್ನು ತಡೆಯುವ ಆ ಅಂಗೈಯಗಲದ ಲೋಹದ ತುಂಡು, ವಹಿಸಿಕೊಂಡಿದೆ.

ಕರ್ನಾಟಕದಲ್ಲಿ ಮೊದಲ ಪಾಠಕ್ಕೆ ರಾಮನಗರದ ಬಂಡೆಗಳಿಗಿಂತ ಒಳ್ಳೆಯ ಶಾಲೆಯನ್ನು ನಾನು ಕಾಣೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಘನೀಭವಿಸಿದ ಆ ಗ್ರಾನೈಟಿನ ಹರಳುಗಳು ಒರಟಾಗಿ ಎದ್ದುನಿಂತು, ಒಣಗಿದ ದಿನಗಳಲ್ಲಿ ಬೂಟಿನ ಅಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಆದರೆ ಬಿಸಿಲು ಮಳೆಗಳಿಗೆ ಈ ಶಿಲೆ ಪದರ ಪದರವಾಗಿ ಸಿಪ್ಪೆಯೇಳುವ ಸ್ವಭಾವದ್ದೂ ಹೌದು. ಮುಷ್ಟಿಯಿಂದ ತಟ್ಟಿದಾಗ ಗಟ್ಟಿಬಂಡೆ ಮೌನವಾಗಿರುತ್ತದೆ. ಸಡಿಲವಾದ ಪದರ ಮಾತ್ರ ಟೊಳ್ಳು ದನಿಯನ್ನು ಕೊಡುತ್ತದೆ. ಕೆಳಗೆ ನಿಂತವನೂ ಹೆಲ್ಮೆಟ್ ಧರಿಸಿಯೇ ನಿಲ್ಲಬೇಕೆಂಬ ನಿಯಮದ ಅರ್ಥವನ್ನು ಆ ದನಿ ಒಂದೇ ಸಲಕ್ಕೆ ತಿಳಿಸಿಕೊಡುತ್ತದೆ.

ಅಂಚಿಗೆ ಬಂದು ನಿಂತವನಿಗೆ ಶಿಕ್ಷಕನು ಹೇಳುವುದು, ಕಣಿವೆಗೆ ಬೆನ್ನು ಕೊಟ್ಟು ಹಿಂದಕ್ಕೆ ವಾಲಿ ಕುಳಿತುಕೊಳ್ಳಬೇಕೆಂದು. ಹುಟ್ಟಿದಂದಿನಿಂದ ದೇಹವು ಕಲಿತು ಬಂದ ಆತ್ಮರಕ್ಷಣೆಯ ಪಾಠಗಳೆಲ್ಲವೂ ಈ ಮಾತಿಗೆ ವಿರುದ್ಧ. ಭಯವಾದಾಗ ಮುಂದಕ್ಕೆ ಬಾಗಿ ಬಂಡೆಯನ್ನು ತಬ್ಬಿಕೊಳ್ಳಲು ದೇಹ ಹವಣಿಸುತ್ತದೆ. ತಬ್ಬಿಕೊಂಡರೋ, ಅಡಿ ಜಾರಿ, ಮೊಣಕಾಲೂ ಮುಖವೂ ಕಲ್ಲಿಗೆ ಉಜ್ಜುತ್ತವೆ. ಹಿಂದಕ್ಕೆ ವಾಲಿದಷ್ಟೂ ಪಾದಗಳು ಬಂಡೆಯ ಮುಖಕ್ಕೆ ಲಂಬವಾಗಿ ಊರಿ ಹಿಡಿತ ಬಲವಾಗುತ್ತದೆ. ಇದನ್ನು ಬುದ್ಧಿಯು ಒಪ್ಪುವುದು ಸುಲಭ, ಮಂಡಿಗಳು ಒಪ್ಪುವುದು ಕಷ್ಟ. ಎಡಗೈಯಂತೂ ಕಣ್ಣೆದುರಿನ ಹಗ್ಗವನ್ನು ಗೆಣ್ಣು ಬೆಳ್ಳಗಾಗುವಂತೆ ಹಿಡಿದು ಬಿಡಲೊಲ್ಲದು. ಆ ಕೈಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ಜೀವವನ್ನು ಹಿಡಿದಿರುವುದು ಡಿಸೆಂಡರಿನಿಂದ ಕೆಳಕ್ಕಿಳಿದ ಎಳೆಯನ್ನು ಸೊಂಟದ ಪಕ್ಕದಲ್ಲಿ ತಡೆದಿರುವ ಬಲಗೈ. ಎಡಗೈ ಸಡಿಲವಾಗಿ ಬಲಗೈ ಎಚ್ಚರಗೊಂಡ ಆ ಮುಹೂರ್ತದಲ್ಲಿ ಮನುಷ್ಯನ ಮುಖವೇ ಬೇರೆಯಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈ ವಿದ್ಯೆಯ ಆನಂದವೆಲ್ಲ ಅಲ್ಲಿಂದಲೇ ಆರಂಭ.

ಹಗ್ಗವು ಲೋಹವನ್ನು ಬಳಸುವ ಕೋನ ಹೆಚ್ಚಿದಂತೆ ಘರ್ಷಣೆಯ ತಡೆ ಬರಿಯ ಕೂಡಿಕೆಯಿಂದಲ್ಲ, ಗುಣಾಕಾರದಿಂದ ಬೆಳೆಯುತ್ತದೆ. ಮೊಂಡುಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದ ಹುಡುಗ ಅದನ್ನು ಒಂದೇ ಕೈಯಲ್ಲಿ ನಿಲ್ಲಿಸಬಲ್ಲನಷ್ಟೆ, ಇದೂ ಅದೇ ತತ್ತ್ವ. ಇದನ್ನು ಅನುಭವಿಸಬೇಕಾದರೆ ನಿಧಾನವಾಗಿ ಇಳಿಯಬೇಕು. ಸಿನಿಮಾದ ಕಮಾಂಡೋಗಳಂತೆ ಬಂಡೆಯನ್ನು ಒದ್ದು ಹಾರಿ ಹಾರಿ ಇಳಿಯುವುದು ನೋಡಲು ಚೆಂದವಿರಬಹುದು. ಆದರೆ ಪ್ರತಿಯೊಂದು ನೆಗೆತವೂ ಆಂಕರಿನ, ಅಂದರೆ ಹಗ್ಗವನ್ನು ಮೇಲೆ ಕಟ್ಟಿದ ಆಧಾರದ, ಮೇಲೆ ದೇಹಭಾರಕ್ಕೆ ಮಿಕ್ಕ ಸೆಳೆತವನ್ನು ಹೇರುತ್ತದೆ, ಅಂಚಿನ ಕಲ್ಲಿಗೆ ಹಗ್ಗವನ್ನು ಗರಗಸದಂತೆ ತೇಯಿಸುತ್ತದೆ, ಡಿಸೆಂಡರನ್ನು ಕೈಸುಡುವಷ್ಟು ಕಾಯಿಸುತ್ತದೆ. ನೈಲಾನಿನ ದೊಡ್ಡ ಶತ್ರುಗಳು ಶಾಖವೂ ಹರಿತವಾದ ಅಂಚೂ ಅಲ್ಲವೇ? ಹಾರುವುದನ್ನು ಹೊಸಬರಿಗೆ ಹುರಿದುಂಬಿಸುವ ಶಿಕ್ಷಕನು ಅವರಿಗೆ ಉಪಕಾರ ಮಾಡುತ್ತಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಭಯವಿರುವ ಸ್ಥಳವೂ ಅಪಾಯವಿರುವ ಸ್ಥಳವೂ ಇಲ್ಲಿ ಒಂದೇ ಅಲ್ಲ. ಭಯವಿರುವುದು ಅಂಚಿನಲ್ಲಿ; ಅಪಾಯವು ಅದಕ್ಕೆ ಅರ್ಧ ಗಂಟೆ ಮೊದಲೇ, ಯಾರೂ ಗಮನಿಸದ ಹೊತ್ತಿನಲ್ಲಿ, ಆಂಕರ್ ಕಟ್ಟುವಾಗಲೇ ಬಂದು ಕುಳಿತಿರಬಹುದು. ಒಂದು ಆಂಕರ್ ಕೈಕೊಟ್ಟರೂ ಮತ್ತೊಂದು ಹಿಡಿಯುವಂತೆ ಎರಡು ಸ್ವತಂತ್ರ ಆಧಾರಗಳಿರಬೇಕು. ಅವುಗಳ ಎಳೆಗಳ ನಡುವಣ ಕೋನ ಕಿರಿದಾಗಿರಬೇಕು. ಆ ಕೋನ 120 ಅಂಶಕ್ಕೆ ಅಗಲಿದರೆ ಭಾರ ಹಂಚಿಕೆಯಾಗುವುದರ ಬದಲು ಪ್ರತಿಯೊಂದು ಆಧಾರವೂ ಪೂರ್ಣಭಾರವನ್ನೇ ಹೊರಬೇಕಾಗುತ್ತದೆ. ಹಳೆಯ ತಲೆಮಾರಿನ ಶಿಕ್ಷಕರೊಬ್ಬರು ಬೆಳಗಿನ ಜಾವದಲ್ಲಿ ಹಗ್ಗವನ್ನು ಮೊದಲಿನಿಂದ ಕೊನೆಯವರೆಗೆ ಬೆರಳುಗಳ ನಡುವೆ ಹಾಯಿಸುತ್ತ, ಮಾರುದ್ದಕ್ಕೊಮ್ಮೆ ಅದನ್ನು ಬಾಗಿಸಿ ನೋಡುತ್ತ ಕುಳಿತಿದ್ದುದನ್ನು ನಾನು ಬಲ್ಲೆ. ಒಳಗಿನ ಎಳೆಗಳು ನೊಂದಿದ್ದ ಕಡೆ ಹಗ್ಗ ದುಂಡಗೆ ಬಾಗದೆ ಚಪ್ಪಟೆಯಾಗಿ ಮುರಿದಂತೆ ಮಡಚಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಆ ಗಾಯ ಬೆರಳಿಗೆ ಸಿಕ್ಕುತ್ತದೆ. ಹೊಸಬರು ಸಾಮಾನ್ಯವಾಗಿ ಆ ವೇಳೆಗೆ ಉಪ್ಪಿಟ್ಟು ಕಾಫಿಗಳಲ್ಲಿರುತ್ತಾರೆ. ಅವರು ಅಲ್ಲಿ ಬಂದು ಕುಳಿತು ನೋಡಬೇಕು, ಕೇಳಬೇಕು, ಮುಟ್ಟಬೇಕು. ಇಲ್ಲದಿದ್ದರೆ ಅವರು ಇಳಿಯುವವರಲ್ಲ, ಇಳಿಸಲ್ಪಡುವವರು.

ಉದ್ದ ಕೂದಲು, ದುಪಟ್ಟಾ, ಸಡಿಲವಾದ ಅಂಗಿಯ ತುದಿ ಇವುಗಳನ್ನು ಡಿಸೆಂಡರ್ ಹಗ್ಗದೊಡನೆ ಒಳಕ್ಕೆ ನುಂಗುತ್ತದೆ. ನೇತಾಡುತ್ತಿರುವವನು ಅದನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ. ಆದುದರಿಂದ ಜಡೆಯನ್ನು ಅಂಗಿಯೊಳಕ್ಕೆ ಸೇರಿಸತಕ್ಕದ್ದು. ಕೈತಪ್ಪಿದರೆ ಕಾಯುವುದಕ್ಕೆ ಮೇಲಿನಿಂದ ಮತ್ತೊಬ್ಬನು ಹಿಡಿದ ಬೇರೊಂದು ಹಗ್ಗದ ಕಾವಲು, ಅಂದರೆ ಬಿಲೇ, ಇರಬೇಕು. ಅದರ ಜೊತೆಗೆ ಆಸ್ಟ್ರಿಯದ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚಾರಕ್ಕೆ ತಂದ ಗಂಟಿನ ಜಾತಿಯ ಸಣ್ಣ ಹುರಿಯೊಂದನ್ನು ಮುಖ್ಯ ಹಗ್ಗಕ್ಕೆ ಸುತ್ತಿದ್ದರೆ, ಬಲಗೈ ಬಿಟ್ಟೊಡನೆ ಅದು ಬಿಗಿದುಕೊಳ್ಳುತ್ತದೆ.

ಹೆಜ್ಜೇನಿನ ವಿಷಯ ಪ್ರತ್ಯೇಕವಾಗಿಯೇ ಹೇಳಬೇಕಾದುದು. ರಾಮನಗರ, ಸಾವನದುರ್ಗಗಳ ಚಾಚುಬಂಡೆಗಳ ಅಡಿಯಲ್ಲಿ ಅವು ಹುಟ್ಟು ಕಟ್ಟುತ್ತವೆ. ಹೊಗೆ, ಸುಗಂಧದ್ರವ್ಯ, ಕೂಗಾಟಗಳಿಂದ ಕೆರಳಿದರೆ, ನೆಲದ ಮೇಲಿದ್ದವನು ಓಡಿಯಾನು, ಹಗ್ಗದ ಮೇಲಿದ್ದವನು ಎಲ್ಲಿಗೆ ಓಡಬೇಕು? ನೀಲಗಿರಿಯ ಕುರುಂಬರು ಕಾಡುಬಳ್ಳಿಯ ಏಣಿಯನ್ನು ಇಳಿಬಿಟ್ಟು ಬಂಡೆಯ ಜೇನನ್ನು ತೆಗೆಯುತ್ತಾರೆ, ಆದರೆ ಅವರದು ಆ ಹುಳುವಿನ ನಡತೆಯನ್ನು ತಲೆಮಾರುಗಳಿಂದ ಅರಿತ ವಿದ್ಯೆ. ನಮಗಿರುವ ದಾರಿ, ಹುಟ್ಟು ಕಂಡ ಬಂಡೆಯನ್ನು ಬಿಟ್ಟು ಬೇರೆ ಬಂಡೆಗೆ ಹೋಗುವುದು. ಹಾಗೆಯೇ, ರಾಮನಗರದ ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳ ವನ್ಯಧಾಮವಾಗಿರುವುದರಿಂದ, ಅಲ್ಲಿ ಅವು ಗೂಡು ಕಟ್ಟುವ ಕಡಿಬಂಡೆಗಳನ್ನು ಅವುಗಳ ಪಾಲಿಗೇ ಬಿಡುವುದು ನ್ಯಾಯ.

ಹೊಸಬನ ಭಯ ಅವನನ್ನು ಒಂದಿಷ್ಟು ಕಾಯುತ್ತದೆ. ಪರಿಚಯ ಬೆಳೆದಂತೆ ಆ ಕಾವಲು ಸಡಿಲವಾಗುತ್ತದೆ. ಹಗ್ಗವಿಲ್ಲದೆಯೇ ಮಹಾಭಿತ್ತಿಗಳನ್ನೇರಿ ಹೆಸರಾಗಿದ್ದ ಅಮೆರಿಕದ ಬ್ರ್ಯಾಡ್ ಗಾಬ್ರೈಟ್ 2019ರ ನವೆಂಬರಿನಲ್ಲಿ ಮೆಕ್ಸಿಕೋದ ಎಲ್ ಪೊತ್ರೆರೊ ಚೀಕೊ ಎಂಬಲ್ಲಿ ಮಡಿದದ್ದು ಏರುವಾಗ ಅಲ್ಲ, ರ‍್ಯಾಪೆಲ್ ಮಾಡುವಾಗ. ಅವನೂ ಅವನ ಸಂಗಡಿಗನೂ ಒಂದೇ ಹಗ್ಗದ ಎರಡೆಳೆಗಳಲ್ಲಿ ಪರಸ್ಪರ ಭಾರವನ್ನು ನೆಚ್ಚಿ ಏಕಕಾಲದಲ್ಲಿ ಇಳಿಯುತ್ತಿದ್ದರು. ಹಗ್ಗದ ನಡು ಸರಿಯಾಗಿ ಕೂತಿರಲಿಲ್ಲ, ತುದಿಯಲ್ಲಿ ಗಂಟಿರಲಿಲ್ಲ, ಗಿಡ್ಡಗಾದ ಎಳೆ ಡಿಸೆಂಡರಿನಿಂದ ಜಾರಿಹೋಯಿತು. ಹಗ್ಗದ ತುದಿಗೆ ಒಂದು ದಪ್ಪ ಗಂಟು ಹಾಕುವುದಕ್ಕೆ ಅರ್ಧ ನಿಮಿಷ ಬೇಡ. ಒಣಬಂಡೆಯ ಮೇಲೆ ಇಳಿಯುವ ಯಾರೂ ಆ ಗಂಟನ್ನು ತಾವೇ ಕಣ್ಣಾರೆ ಕಾಣದೆ ಹೊರಡಕೂಡದು.

ಒಣಬಂಡೆಯ ಮೇಲೆ ಎಂದು ಹೇಳಿದ್ದು ಬೇಕೆಂದೇ. ಮಳೆಗಾಲ ಮುಗಿಯುತ್ತಲೇ ಮಲೆನಾಡಿನ ಜಲಪಾತಗಳಲ್ಲಿ ಇಳಿಯಬೇಕೆಂಬ ಉತ್ಸಾಹ ತರುಣರಲ್ಲಿ ಕಾಣುತ್ತದೆ. ನೀರಿನ ನಡುವೆ ಹಗ್ಗದ ಮೇಲೆ ನಿಲ್ಲುವ ಸೊಗಸನ್ನು ನಾನೂ ಅಲ್ಲಗಳೆಯಲಾರೆ. ಆದರೆ ಅಲ್ಲಿ ಶಾಸ್ತ್ರವೇ ತಿರುವುಮುರುವಾಗುತ್ತದೆ. ಬಂಡೆಯ ಮೇಲೆ ಪ್ರಾಣ ಉಳಿಸುವ ಅದೇ ತುದಿಗಂಟು, ಧಾರೆ ಮಡುವಿಗೆ ಬೀಳುವ ಕಡೆ ಡಿಸೆಂಡರಿಗೆ ಸಿಕ್ಕಿಕೊಂಡು, ಮನುಷ್ಯನನ್ನು ನೀರಿನ ಕೆಳಗೇ ಕಟ್ಟಿಹಾಕಬಲ್ಲದು. ಆದ್ದರಿಂದ ಜಲಪಾತದ ವಿದ್ಯೆ ಬಲ್ಲವರು ಹಗ್ಗವನ್ನು ನೀರಿನ ಮಟ್ಟಕ್ಕೆ ಅಳೆದು ಬಿಡುತ್ತಾರೆ, ತುದಿಗೆ ಗಂಟು ಹಾಕುವುದಿಲ್ಲ, ಇಳಿಯುವವನು ಸಿಕ್ಕಿಕೊಂಡರೆ ಮೇಲಿನಿಂದಲೇ ಹಗ್ಗ ಸಡಿಲಿಸುವಂತೆ ಆಂಕರನ್ನು ಕಟ್ಟುತ್ತಾರೆ. ಬಂಡೆಯ ಶಿಬಿರದಲ್ಲಿ ಒಂದು ವಾರಾಂತ್ಯ ಕಳೆದ ಬಲದ ಮೇಲೆ ಸ್ನೇಹಿತರ ಗುಂಪು ಕಟ್ಟಿಕೊಂಡು, ಒಂದು ಹಗ್ಗ ಕೊಂಡು, ಜಲಪಾತಕ್ಕೆ ಹೊರಡುವವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿರುವುದಿಲ್ಲ.