ನಲವತ್ತು ಸಾಲಿನ ಕೋಡಿಗೆ ಎಷ್ಟು ಮರ್ಯಾದೆ?

ಬೆಂಗಳೂರಿನ ಐಟಿ ಕಂಪನಿಯಲ್ಲಿ ನಲವತ್ತು ಸಾಲಿನ ಪೈಥಾನ್ ಕೋಡ್ ಬರೆದು ತೋರಿಸಿದರೆ ಯಾರೂ ತಲೆ ಎತ್ತುವುದಿಲ್ಲ. ‘ಟೆಸ್ಟ್ ಎಲ್ಲಿ?’ ಎಂದು ಕೇಳುತ್ತಾರೆ, ಅಷ್ಟೆ. ಅದನ್ನೇ ಊರಿನ ಸಹಕಾರ ಸಂಘಕ್ಕೆ ಒಯ್ದು ನೋಡಿ. ಸಾಲದ ಲೆಡ್ಜರಿನಲ್ಲಿ ‘ಜಿ. ಮಂಜುನಾಥ’, ಷೇರು ಪುಸ್ತಕದಲ್ಲಿ ‘ಮಂಜುನಾಥ್ ಜಿ’, ಪಹಣಿಯಲ್ಲಿ ‘ಮಂಜುನಾಥ ಬಿನ್ ಗೋವಿಂದಪ್ಪ’. ಮೂವರೂ ಒಬ್ಬನೇ ಹೌದೋ ಅಲ್ಲವೋ ಎಂದು ಗುಮಾಸ್ತರು ಸ್ಕೇಲು ಇಟ್ಟುಕೊಂಡು ವಾರಗಟ್ಟಲೆ ಟಿಕ್ ಹಾಕುತ್ತಾರೆ. ಚುಕ್ಕಿ ಅಳಿಸಿ, ಇನಿಷಿಯಲ್ಲನ್ನು ಒಂದೇ ಕಡೆಗೆ ತಂದು, ಕೊನೆಯ ‘ಥ’ ‘ಥ್’ಗಳ ಜಗಳ ಬಿಡಿಸಿ ಹೋಲಿಸುವ ಕೋಡು ಕಾಫಿ ಆರುವುದರೊಳಗೆ ಮುಗಿಸುತ್ತದೆ, ಅನುಮಾನದ ಹೆಸರುಗಳನ್ನಷ್ಟೇ ಮನುಷ್ಯರಿಗೆ ಬಿಡುತ್ತದೆ. ಆಮೇಲೆ ನೀವು ‘ಸಾರ್’. (ಪ್ರಿಂಟರ್ ಕೆಟ್ಟರೂ ಫೋನು ನಿಮಗೇ.)

ಆದರೆ ಈ ಮರ್ಯಾದೆ ಕೋಡಿಗಲ್ಲ, ತಪ್ಪಿದ ಕೈಕೆಲಸಕ್ಕೆ. ಅಚ್ಚುಕಟ್ಟಾಗಿ ಬರೆದಿದ್ದೀರೋ ಹೇಗೋ ತೇಪೆ ಹಾಕಿದ್ದೀರೋ ಅಲ್ಲಿ ಕೇಳುವವರಿಲ್ಲ. ಕಸುಬಿನ ರುಚಿ ಹತ್ತಿದವರಿಗೆ ಇದು ಸ್ವಲ್ಪ ಸಪ್ಪೆಯೇ. ಹೊರಗಿನ ಗೌರವ ದೊಡ್ಡದು, ಆದರೆ ಕುರುಡು. ಒಳಗಿನದು ಕಂಜೂಸು, ಆದರೆ ಕಣ್ಣುಳ್ಳದ್ದು.

ಎರಡೂ ಸಿಗುವುದು ಕೋಡು ಬಳಕೆಯಾಗುವ ಕ್ಷೇತ್ರದ ಒಳಹೊರಗೂ ಗೊತ್ತಿದ್ದವರಿಗೆ. 1996ರಲ್ಲಿ ಮಾನವ ಜಿನೋಮ್ ಯೋಜನೆಯನ್ನು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಾಪಾಡಿತು ಎಂದು ಬರೆದ ಲಿಂಕನ್ ಸ್ಟೈನ್ ವೈದ್ಯಕೀಯ ಓದಿದವರು. ಆ ಯೋಜನೆಯಲ್ಲಿ ಒಂದೊಂದು ಲ್ಯಾಬಿನದು ಒಂದೊಂದು ನಮೂನೆಯ ದತ್ತಾಂಶ. ಅವನ್ನು ಹೊಂದಿಸಿದ್ದು ಪುಟ್ಟಪುಟ್ಟ ಸ್ಕ್ರಿಪ್ಟುಗಳು.

ನಮ್ಮಲ್ಲಿ ಕೆ.ಪಿ. ರಾವ್ ಅವರನ್ನೇ ನೋಡಿ. ಸಿಂಧೂ ಲಿಪಿಯ ಅಧ್ಯಯನದಲ್ಲಿ ಐರಾವತಂ ಮಹಾದೇವನ್ ಜತೆ ದುಡಿದವರು, ಅಕ್ಷರ ಜೋಡಣೆಯ ತಂತ್ರ ಬಲ್ಲವರು. ಅವರ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಒತ್ತಿದರೆ ಮುಗಿಯಿತು. ಎಫ್ ಒತ್ತಿದೊಡನೆ ಹಿಂದಿನ ವ್ಯಂಜನದ ಸ್ವರ ಹೋಗುತ್ತದೆ, ಮುಂದೆ ಬರುವುದು ತಾನೇ ಒತ್ತಾಗುತ್ತದೆ. ಒತ್ತಕ್ಷರಗಳಿಗೆ ಬೇರೆ ಕೀಲಿಗಳೇ ಬೇಡ. ಟೈಪ್‌ರೈಟರಿನ ಕೀಲಿಗಳ ಕಾಟ ಕಂಡವರಿಗೆ ಇದರ ಬೆಲೆ ಗೊತ್ತು. ಇಲ್ಲಿರುವ ಜಾಣತನ ಕಂಪ್ಯೂಟರಿನದಲ್ಲ, ಕಾಗುಣಿತವನ್ನು ಬಿಡಿಸಿ ನೋಡಿದ್ದು. ಸರ್ಕಾರ ಈ ವಿನ್ಯಾಸವನ್ನು ಒಪ್ಪಿತು, ಡಿಟಿಪಿ ಅಂಗಡಿಗಳು ಅದರಲ್ಲೇ ಪಳಗಿದವು, 2013ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ರಾವ್ ಅವರಿಗೆ ನಾಡೋಜ ಗೌರವ ಕೊಟ್ಟಿತು.

ಇದೇ ಕೆಲಸವನ್ನು ಇವತ್ತು ಯಾರಾದರೂ ಸಾಫ್ಟ್‌ವೇರ್ ಇಂಟರ್‌ವ್ಯೂನಲ್ಲಿ ಹೇಳಿಕೊಂಡರೆ, ‘ಕೀಬೋರ್ಡ್ ಲೇಔಟ್, ಸರಿ, ಬೇರೆ ಏನು ಮಾಡಿದ್ದೀರಿ?’ ಎಂದು ಕೇಳಿಯಾರು.