‘ಪರದೇಸಿ’ಯನ್ನು ನೋಡಬಂದ ಪರದೇಶಿ: ಅನಾಥಾಲಯ ಭೇಟಿಯ ಕಥನ ಕುರಿತು ಒಂದು ವಿವೇಚನೆ

ಹೊರದೇಶದ ಚರ್ಚ್ ಸಭೆಯೊಂದರ ಸದಸ್ಯರು ತಂಡವಾಗಿ ಬಂದು, ಇಲ್ಲಿನ ಅನಾಥಾಲಯದ ಮಕ್ಕಳೊಡನೆ ಕೆಲವು ದಿನ ಕಳೆದು ಹಿಂದಿರುಗುವುದು ಹೈದರಾಬಾದು-ಸಿಕಂದರಾಬಾದುಗಳಲ್ಲಿ ಹೊಸ ಸಂಗತಿಯಲ್ಲ. ಊರಿಗೆ ಮರಳಿದ ಮೇಲೆ ಅವರು ತಮ್ಮ ಸಭೆಗೆ ಒಪ್ಪಿಸುವ ವರದಿ, ಪತ್ರ, ಛಾಯಾಚಿತ್ರಗಳೆಲ್ಲ ಸೇರಿ ಬರವಣಿಗೆಯ ಒಂದು ಪ್ರತ್ಯೇಕ ಪ್ರಕಾರವೇ ರೂಪುಗೊಂಡಿದೆ. ದಾನಿಗಳ ಸದುದ್ದೇಶವನ್ನು ಶಂಕಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಈ ಬರವಣಿಗೆಯನ್ನು ಒಂದು ಕಥನವೆಂದು ಓದಿದಾಗ ಅದರಲ್ಲಿ ಮಗುವಿಗೆ ದೊರೆಯುವ ಸ್ಥಾನ ಯಾವುದು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಈ ಕಥನದ ವಿನ್ಯಾಸ ಬಹುಮಟ್ಟಿಗೆ ಸಿದ್ಧರೂಪದ್ದು. ಆಗಮನ, ಮಕ್ಕಳ ಸ್ವಾಗತಗೀತೆ, ಸಿಹಿ ಮತ್ತು ಉಡುಗೊರೆಗಳ ಹಂಚಿಕೆ, ಕಣ್ಣೀರಿನ ಬೀಳ್ಕೊಡುಗೆ, ಕೊನೆಗೆ ಸಂದರ್ಶಕನ ಅಂತರಂಗದಲ್ಲಾದ ಪರಿವರ್ತನೆ. ಇಲ್ಲಿ ಬದಲಾಗುವ ಪಾತ್ರ ಸಂದರ್ಶಕನೊಬ್ಬನೇ. ಮಗು ಆ ಬದಲಾವಣೆಗೆ ನಿಮಿತ್ತ ಮಾತ್ರ. ಭೇಟಿಗೆ ಮುಂಚಿನ ಬದುಕು, ಊರು, ನೆಂಟರಿಷ್ಟರು ಯಾವುದೂ ಮಗುವಿಗೆ ಇದ್ದಂತೆ ತೋರುವುದಿಲ್ಲ. ತಂಡ ಹೊರಟ ಮರುದಿನ ಅಲ್ಲಿ ಏನಾಯಿತು ಎಂಬುದೂ ವರದಿಯ ವ್ಯಾಪ್ತಿಗೆ ಬರುವುದಿಲ್ಲ. ಹತ್ತಿರವಾದವರು ಮತ್ತೆ ಮತ್ತೆ ಅಗಲಿ ಹೋಗುವುದು ಎಳೆಯ ಮನಸ್ಸಿಗೆ ಹಿತವಲ್ಲವೆಂದು ಮಕ್ಕಳ ಮನಶ್ಶಾಸ್ತ್ರ ಹೇಳುತ್ತ ಬಂದಿದೆ. ಆದರೆ ಆ ಕಣ್ಣೀರು ವರದಿಯಲ್ಲಿ ಭೇಟಿಯ ಸಾರ್ಥಕತೆಗೆ ಸಾಕ್ಷಿಯಾಗಿ ದಾಖಲಾಗುತ್ತದೆ.

ಇಂತಹ ಬರವಣಿಗೆಯ ಪೂರ್ವರೂಪವನ್ನು ಕನ್ನಡನಾಡಿನಲ್ಲಿಯೇ ಗುರುತಿಸಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳ ಜೊತೆಗೆ ಮಕ್ಕಳ ಆಶ್ರಯತಾಣಗಳನ್ನೂ ನಡೆಸಿತು. ಅದರ ವೆಚ್ಚದ ಒಂದಂಶ ಯುರೋಪಿನ ಸಾಮಾನ್ಯ ಭಕ್ತರ ಚಿಲ್ಲರೆ ಕಾಣಿಕೆಯಿಂದ ಬರುತ್ತಿತ್ತು. 1855ರಲ್ಲಿ ಕಾರ್ಲ್ ಸಾರಾಸಿನ್ ಆರಂಭಿಸಿದ ‘ಅರ್ಧ ಬಾಟ್ಸೆನ್’ ವಂತಿಗೆ ಇದಕ್ಕೆ ಪ್ರಸಿದ್ಧ ನಿದರ್ಶನ. ದೂರದ ದಾನಿ ವಾರವಾರವೂ ಕಾಸು ಕೊಡುತ್ತಿರಬೇಕಾದರೆ ಅವನ ಕೈಗೆ ಕಥೆಯೂ ತಪ್ಪದೆ ತಲುಪುತ್ತಿರಬೇಕು. ಮಿಶನ್ ಪತ್ರಿಕೆಗಳು ಮಾಡಿದ್ದು ಈ ಕೆಲಸವನ್ನೇ.

ಆದರೂ ಅಂದಿನ ಮಿಶನರಿಗೂ ಇಂದಿನ ತಂಡಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದೂ, 1853ರಲ್ಲಿ ಇಲ್ಲಿಗೆ ಬಂದ ಕಿಟೆಲ್ ದಶಕಗಳ ದುಡಿಮೆಯಿಂದ 1894ರ ನಿಘಂಟನ್ನು ಕೊಟ್ಟಿದ್ದೂ ಈ ನೆಲದ ಮಾತನ್ನು ಕಲಿತ ಮೇಲೆ. ಅವರ ಉದ್ದೇಶವನ್ನು ಒಪ್ಪದವರೂ ಅವರ ಭಾಷಾಶ್ರಮವನ್ನು ಅಲ್ಲಗಳೆಯಲಾರರು. ಹತ್ತು ದಿನಕ್ಕೆಂದು ಬರುವ ತಂಡಕ್ಕೆ ಈ ಅವಕಾಶವಿಲ್ಲ. ಮಗುವಿಗೂ ಅತಿಥಿಗೂ ನಡುವೆ ದುಭಾಷಿಯೊಬ್ಬ ನಿಲ್ಲುತ್ತಾನೆ. ಅವನು ಸಾಮಾನ್ಯವಾಗಿ ಸಂಸ್ಥೆಯವನೇ ಆಗಿರುತ್ತಾನೆ. ಹೀಗಾಗಿ ವರದಿಯಲ್ಲಿ ಮಗುವಿನದೆಂದು ಕಾಣಿಸುವ ಮಾತು ಬಹುತೇಕ ಕೃತಜ್ಞತೆಯ ಮಾತೇ ಆಗಿರುತ್ತದೆ.

ಕನ್ನಡದ ಪದಗಳೇ ಈ ಸಮಸ್ಯೆಯ ಮೇಲೆ ಬೆಳಕು ಚೆಲ್ಲುತ್ತವೆ. ‘ಅನಾಥ’ ಎಂದರೆ ನಾಥನಿಲ್ಲದವನು. ಒಡೆಯನ ಸ್ಥಾನ ತೆರವಾಗಿದೆ, ಯಾರಾದರೂ ಬಂದು ಅದನ್ನು ತುಂಬಬೇಕು ಎಂಬ ನಿರೀಕ್ಷೆ ಆ ಪದದಲ್ಲಿಯೇ ಅಡಗಿದೆ. ‘ತಬ್ಬಲಿ’ಯ ಅರ್ಥವಲಯ ಬೇರೆ. ‘ಗೋವಿನ ಹಾಡಿ’ನಲ್ಲಿ ಹುಲಿಯ ಬಳಿಗೆ ಹೊರಟ ಪುಣ್ಯಕೋಟಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತದೆ. ತಬ್ಬಲಿಯಾಗುವ ಕರುವಿಗೆ ತಾಯಿ ಇಲ್ಲವಾದರೂ ಮಂದೆ ಇರುತ್ತದೆ. ಮೂರನೆಯದು ‘ಪರದೇಸಿ’. ಬೇರೆ ದೇಶದವನೆಂಬ ಅರ್ಥದ ಈ ಪದ ಆಡುಮಾತಿನಲ್ಲಿ ದಿಕ್ಕಿಲ್ಲದವನನ್ನು ಸೂಚಿಸುತ್ತದೆ. ತನ್ನವರಿಂದ ದೂರವಾದವನೇ ದಿಕ್ಕುಗೆಟ್ಟವನು ಎಂಬ ಗ್ರಹಿಕೆ ಇದರ ಹಿಂದಿದೆ. ಹೊರಗಿನಿಂದ ಬಂದ ಪರದೇಶಿ ತನ್ನ ಬಳಗದೊಡನೆ ನಿಶ್ಚಿಂತನಾಗಿರುವಾಗ, ಹುಟ್ಟಿದ ಸೀಮೆಯಲ್ಲಿಯೇ ಇರುವ ಮಗು ‘ಪರದೇಸಿ’ ಎನಿಸಿಕೊಳ್ಳುವುದು ಈ ಭೇಟಿಯ ವ್ಯಂಗ್ಯ. ಭೇಟಿಯ ಕಥನಕ್ಕೆ ಬೇಕಾಗಿರುವುದು ‘ಅನಾಥ’. ಮಂದೆಯನ್ನು ನೆನಪಿಸುವ ‘ತಬ್ಬಲಿ’ಗೆ ಅಲ್ಲಿ ಎಡೆಯಿಲ್ಲ.

ಮಂದೆ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಪರೋಕ್ಷವಾಗಿ ಉತ್ತರ ಕೊಡುತ್ತದೆ. ಅಲ್ಲಿ ಗುರುವ ಕ್ರೈಸ್ತನಾಗುವಾಗ ಅವನ ತಂದೆ ಬದುಕಿಯೇ ಇದ್ದಾನೆ. ಮನೆಯನ್ನು ಒಡೆಯುವುದು ಸಾಲ, ಜೀತ ಹಾಗೂ ಭೂಮಿಯನ್ನು ನಿರಾಕರಿಸುವ ಜಾತಿವ್ಯವಸ್ಥೆ. ಇಂದಿನ ಅನಾಥಾಲಯಗಳಿಗೂ ಈ ಮಾತು ಅನ್ವಯಿಸುತ್ತದೆ. ಸಂಸ್ಥೆಗಳಲ್ಲಿರುವ ಐವರು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ತಂದೆಯೋ ತಾಯಿಯೋ ಇದ್ದಾರೆಂದು ‘ಸೇವ್ ದ ಚಿಲ್ಡ್ರನ್’ ಸಂಸ್ಥೆ 2009ರ ತನ್ನ ಜಾಗತಿಕ ವರದಿಯಲ್ಲಿ ಹೇಳಿತು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಗಳಿಂದ ಕೂಲಿಗಾಗಿ ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳನ್ನು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಅಂಥ ಮನೆಯ ಮಗು ಆಶ್ರಮ ಸೇರಿದರೆ ಅದಕ್ಕೆ ಇಲ್ಲದಿರುವುದು ಅನ್ನ ಮತ್ತು ಶಾಲೆ. ಅವೆರಡನ್ನೂ ಪಡೆಯಲು ಅದು ತಂದೆತಾಯಿಯನ್ನೂ ಮನೆಮಾತನ್ನೂ ಬಿಟ್ಟುಕೊಡಬೇಕಾಗುತ್ತದೆ.

ಈ ಕಥನದೊಳಗಿಂದಲೇ ಎದ್ದು ಅದಕ್ಕೆ ಎದುರುತ್ತರ ಕೊಟ್ಟವರು ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಅವರು 1870ರ ದಶಕದ ಕ್ಷಾಮದಲ್ಲಿ ತಂದೆತಾಯಿಯನ್ನು ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ತಮ್ಮ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಚರ್ಚಿಗೆ ಒಪ್ಪಿಸಲಿಲ್ಲ. ಸಿಸ್ಟರ್ ಜೆರಾಲ್ಡೀನ್ ಅವರೊಡನೆ ನಡೆದ ಪತ್ರವ್ಯವಹಾರ ಇದಕ್ಕೆ ಆಧಾರ. ಮುಂದೆ ಕೇಡಗಾಂವದ ಮುಕ್ತಿ ಸದನದಲ್ಲಿ ಕ್ಷಾಮಪೀಡಿತ ಹೆಣ್ಣುಮಕ್ಕಳಿಗೆ ಆಶ್ರಯ ಕೊಟ್ಟರು. 1900ರ ವೇಳೆಗೆ ಅಲ್ಲಿ ಸುಮಾರು 1500 ಮಂದಿ ಇದ್ದರು. ಆ ಹೆಣ್ಣುಮಕ್ಕಳು ಅಕ್ಷರ ಕಲಿತರು, ಅಚ್ಚುಮೊಳೆಯನ್ನೂ ಜೋಡಿಸಿದರು. ರಮಾಬಾಯಿಯವರ ಮಗಳು ಮನೋರಮಾ 1912ರಲ್ಲಿ ಗುಲ್ಬರ್ಗದಲ್ಲಿ ಶಾಲೆ ತೆರೆದದ್ದು ಈ ಕೆಲಸದ ಮುಂದುವರಿಕೆ. ಗುಲ್ಬರ್ಗ ಆಗ ನಿಜಾಮರ ಹೈದರಾಬಾದು ಸಂಸ್ಥಾನದ ಭಾಗವಾಗಿತ್ತೆಂಬುದು ಇಲ್ಲಿ ಗಮನಾರ್ಹ.

ರಮಾಬಾಯಿಯವರೂ ವಿದೇಶೀ ದಾನದ ಅರ್ಥವ್ಯವಸ್ಥೆಯಿಂದ ಹೊರಗಿರಲಿಲ್ಲವೆಂಬುದನ್ನು ಮರೆಯಬಾರದು. 1887ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಕೃತಿ ಉಚ್ಚಜಾತಿಯ ಹಿಂದೂ ಸ್ತ್ರೀಯ ಸಂಕಟವನ್ನು ಅಲ್ಲಿನ ಓದುಗರ ಮುಂದಿಟ್ಟು ನೆರವು ಕೋರಿತು. ಆದರೆ ಅಲ್ಲಿ ಸಂಕಟವನ್ನು ಹೇಳುತ್ತಿದ್ದವರು ಸ್ವತಃ ವಿಧವೆ, ಸ್ವತಃ ತಬ್ಬಲಿ. ಕಾರಣಗಳನ್ನು ವಿಶ್ಲೇಷಿಸುವ, ಪರಿಹಾರವನ್ನು ಸೂಚಿಸುವ ಅಧಿಕಾರವನ್ನು ಅವರು ದಾನಿಗೆ ಬಿಟ್ಟುಕೊಡಲಿಲ್ಲ. ದಾನ ಸ್ವೀಕರಿಸಿಯೂ ಕಥೆಯ ಒಡೆತನವನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಇದೊಂದು ನಿದರ್ಶನ.

ಈಚಿನ ಕಾನೂನು ಕೂಡ ಈ ಒಡೆತನವನ್ನು ಬೇರೊಂದು ರೀತಿಯಲ್ಲಿ ಗುರುತಿಸುತ್ತದೆ. 2015ರ ಬಾಲನ್ಯಾಯ ಕಾಯಿದೆಯ 41ನೆಯ ಪ್ರಕರಣ ಮಕ್ಕಳ ಪಾಲನಾ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯಗೊಳಿಸಿದೆ. 74ನೆಯ ಪ್ರಕರಣ ಪಾಲನೆಯ ಅಗತ್ಯವುಳ್ಳ ಮಗುವಿನ ಹೆಸರು, ಶಾಲೆ, ಚಿತ್ರ ಮುಂತಾದ ಗುರುತುಗಳನ್ನು ಬಯಲುಮಾಡುವುದನ್ನು ನಿಷೇಧಿಸಿದೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೊಂದು ಅನಾಥಾಲಯ ಪ್ರವಾಸದ ಅಪಾಯವನ್ನು ಪ್ರಸ್ತಾಪಿಸಿ, ಮಕ್ಕಳನ್ನು ಕುಟುಂಬದಲ್ಲಿಯೇ ಉಳಿಸುವ ಬೆಂಬಲಕ್ಕೆ ಒತ್ತು ನೀಡಿತು. ಭೇಟಿಯ ಕಥನದ ಜೀವಾಳವಾದ ಹೆಸರು ಮತ್ತು ಮುಖಗಳೇ ಇಂದು ಕಾನೂನಿನ ರಕ್ಷಣೆಗೆ ಒಳಪಟ್ಟಿರುವುದರಿಂದ ಆ ಕಥನ ತನ್ನ ರೂಪವನ್ನು ಬದಲಾಯಿಸಿಕೊಳ್ಳಲೇಬೇಕಾಗಿದೆ.

ಇಂತಹ ಬರಹಗಳನ್ನು ಓದುವಾಗ ವಿಮರ್ಶೆ ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಮಗುವಿನ ತಾಯಿ ಎಲ್ಲಿದ್ದಾಳೆ? ಮಗು ಯಾವ ಭಾಷೆಯಲ್ಲಿ ಮಾತನಾಡಿತು, ಅದನ್ನು ಯಾರು ಅನುವಾದಿಸಿದರು? ತಂಡದ ಪ್ರಯಾಣಕ್ಕೆ ತಗುಲಿದ ಹಣದಲ್ಲಿ ಆ ಮಗು ಮನೆಯಲ್ಲಿಯೇ ಇದ್ದು ಎಷ್ಟು ವರ್ಷ ಓದಬಹುದಿತ್ತು? ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ವರದಿ ಇನ್ನು ಮುಂದೆ ಬರಬಹುದು. ಅದು ಹಿಂದಿನವುಗಳಷ್ಟು ಕಣ್ಣೀರು ತರಿಸದಿದ್ದರೂ ಅದರಲ್ಲಿ ಮಗುವಿಗೊಂದು ಊರು, ಒಂದು ಮಾತು, ಒಂದು ಮಂದೆ ಇರುತ್ತದೆ.